ಮೂರನೇ ಸಿಳ್ಳೆ ಆದಮೇಲೆ

ನಾವು ಚಿಕ್ಕವರಿದ್ದಾಗ ಸಿನಿಮಾಕ್ಕೆ ಕೊನೆ ಅಂತ ಒಂದು ಇರಲೇಬೇಕು ಎಂಬ ಕಟ್ಟುಪಾಡಿರಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಕಥೆ. ಕರೆಂಟು ಹೋಯಿತೋ, ಗೋಡೆ ಹಾರುತ್ತಿದ್ದ ನಾಯಕ ಗೋಡೆಯ ಮೇಲೇ ಉಳಿದ. ನಾವು ಎದ್ದು ಚಾಪೆ ಕೊಡವಿ ಮನೆಗೆ. ಆಮೇಲೇನಾಯಿತು ಅನ್ನುವುದನ್ನು ದಾರಿಯಲ್ಲಿ ನಡೆಯುತ್ತಾ ನಾವೇ ಕಟ್ಟಿಕೊಳ್ಳುತ್ತಿದ್ದೆವು. ಇದನ್ನು ಓದುತ್ತಿರುವ ನಿಮ್ಮಲ್ಲೂ ಹಾಗೆ ಕಟ್ಟಿಕೊಂಡವರು ಇದ್ದೇ ಇರುತ್ತೀರಿ.

ಹಾಗೆ ಕೊನೆಯಿಲ್ಲದೆ ಉಳಿದ ಒಂದು ಸಿನಿಮಾ ನಾಟಕವಾಗಿ ಸಕಲೇಶಪುರಕ್ಕೇ ಬಂದಾಗ ನನಗಾದ ಸಂಕಟವನ್ನು ಹೇಳಬೇಕು. ಆಗ ನನಗೆ ಹತ್ತು ವರ್ಷ, ತಂಗಿ ಪುಟ್ಟಿಗೆ ಆರು.

ಮಾರನಹಳ್ಳಿಯಲ್ಲಿ ಬಸ್ಸಿಳಿದು ಒಳಗೆ ಎರಡು ಮೈಲಿ ನಡೆದರೆ ನಮ್ಮ ಎಸ್ಟೇಟ್. ನಮ್ಮದು ಎಂದರೆ ಅಪ್ಪ ರೈಟರ್ ಆಗಿದ್ದ ಎಸ್ಟೇಟ್. ಆಳುಗಳ ಹಾಜರಿ ಬರೆಯುವುದು, ಕುಯ್ದ ಕಾಫಿ ಹಣ್ಣು ತೂಕ ಹಾಕಿಸುವುದು ಅವನ ಕೆಲಸ. ಆಳುಗಳ ಮನೆಸಾಲಾದ ಲೈನಿನ ತುದಿಯಲ್ಲಿ ನಮ್ಮ ಮನೆ, ಪಕ್ಕದ ಕೋಣೆ ಜೀಪ್ ಡ್ರೈವರ್ ಬಾಷಣ್ಣನದು. ಅವನ ಮನೆಮಂದಿಯೆಲ್ಲ ಸಕಲೇಶಪುರ ಪೇಟೆಯಲ್ಲಿದ್ದರು. ಆದರೂ ಅವನ ಅಕ್ಕನ ಗಂಡ ಹೊರದೇಶದಿಂದ ತಂದುಕೊಟ್ಟ ಟೀವಿ ಮತ್ತು ವಿಸಿಆರ್ ಮಾತ್ರ ಈ ಕೋಣೆಯಲ್ಲಿದ್ದವು. ಪೇಟೆಯ ಮನೆಯಲ್ಲಿಟ್ಟರೆ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಾರೆ ಎಂದು ಅವನ ಅಬ್ಬಾ ಬೈದಿದ್ದರಂತೆ. ಇಲ್ಲಿ ಲೈನಿನ ಮಕ್ಕಳೆಲ್ಲ ಬಂದು ಕೂತರೂ ಬಾಷಣ್ಣ ಬೈಯುತ್ತಿರಲಿಲ್ಲ.

ಅವನ ಹತ್ತಿರ ಮಕ್ಕಳ ಕ್ಯಾಸೆಟ್ ಇದ್ದದ್ದು ಒಂದೇ. ಕಾರ್ಟೂನ್ ಸಿನಿಮಾ, ಒಂದು ನೀರುನಾಯಿ ಮರಿಯ ಕಥೆ. ಹೊಳೆ ಏರಿದಾಗ ತಾಯಿಯಿಂದ ಬೇರೆಯಾದ ಮರಿ ನೀರಿನಗುಂಟ ಅದನ್ನು ಹುಡುಕುತ್ತಾ ಹೋಗುತ್ತದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ನಮಗೆ ಯಾರಿಗೂ ಒಂದಕ್ಷರ ತಿಳಿಯದು. ಅದಕ್ಕೇ ನಾನು ಟೀವಿಯ ಪಕ್ಕ ನಿಂತು ಕನ್ನಡ ಹೇಳುತ್ತಿದ್ದೆ. ನನಗೂ ತಿಳಿಯುತ್ತಿರಲಿಲ್ಲ, ಆದರೆ ಬಾಯಿ ಅಲ್ಲಾಡಿದ ಕೂಡಲೇ ಏನಾದರೂ ಹೇಳಿಬಿಡುತ್ತಿದ್ದೆ. ಮರಿಗೆ ಚಿಣ್ಣ ಎಂದು ಹೆಸರಿಟ್ಟವಳು ನಾನೇ. ಕನ್ನಡಕ ಹಾಕಿದ ಮುದಿ ಆಮೆಯೊಂದು ಬರುತ್ತಿತ್ತು. ಕನ್ನಡಕ ನೋಡಿ ಅದನ್ನು ಡಾಕ್ಟರು ಮಾಡಿದೆ.

ಮೊದಲ ಸಲ ನೋಡುವಾಗ, ಮರಿ ಹೊಳೆಯ ನಡುವಿನ ದೊಡ್ಡ ಬಂಡೆ ಹತ್ತಿ ನಿಂತು ತಾಯಿಯನ್ನು ಕರೆಯಲು ಮೂರು ಸಿಳ್ಳೆ ಹಾಕಿತು. ಮೂರನೆಯದು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಬಾಷಣ್ಣ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತದೆ ಹಾಗೇ ತೆಗೆದಿಟ್ಟ. ಆ ವಾರವೇ ಅವನ ತಂಗಿಯ ಮದುವೆ. ವಿಡಿಯೋ ತೆಗೆದವನು, ಒಂದು ಕ್ಯಾಸೆಟ್ ತಂದುಕೊಡಿ, ಅದಕ್ಕೇ ಹಾಕಿಕೊಡ್ತೀನಿ ಎಂದ. ನಮ್ಮ ನೀರುನಾಯಿಯ ಚೀಟಿ ಯಾವತ್ತೋ ಕಿತ್ತುಹೋಗಿತ್ತು. ಬಾಷಣ್ಣ ಖಾಲಿ ಕ್ಯಾಸೆಟ್ ಎಂದುಕೊಂಡು ಅದನ್ನೇ ಒಯ್ದು ಕೊಟ್ಟ.

ಮುಂದಿನ ಭಾನುವಾರ ನಾವೆಲ್ಲ ಚಾಪೆ ಹಾಸಿ ಕೂತೆವು. ಚಿಣ್ಣ ಬಂಡೆ ಹತ್ತಿತು. ಒಂದು ಸಿಳ್ಳೆ. ಎರಡು. ಮೂರು. ಶರ್‍ರ್ ಎಂದು ನಾಲ್ಕು ಗೆರೆ ಓಡಿ, ಮುಖದ ತುಂಬ ಹೂವಿನ ಪರದೆ ಇಳಿಬಿಟ್ಟ ಮದುಮಗನೊಬ್ಬ ಕುರ್ಚಿಯ ಮೇಲೆ ಕೂತು ನಮ್ಮನ್ನೇ ನೋಡತೊಡಗಿದ.

"ಇದ್ಯಾರಕ್ಕ? ಚಿಣ್ಣನ ಅಪ್ಪನಾ?" ಎಂದಳು ಪುಟ್ಟಿ.

ಬಾಷಣ್ಣ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. "ಅಯ್ಯೋ, ನನ್ ಭಾವಯ್ಯ ಕಣ್ರೋ ಅದು! ಎಂಥ ಕೆಲ್ಸ ಮಾಡ್ಬುಟ್ಟೆ ಮಾರಾಯ!"

ಅಲ್ಲಿಂದ ಮುಂದೆ ಕಥೆಯ ಕೊನೆ ನನ್ನ ಪಾಲಿಗೆ ಬಂತು. ಕೇಳಿದವರಿಗೆಲ್ಲ ಒಂದೊಂದು ಹೇಳಿದೆ. ಕಾಫಿ ಒಣಹಾಕಿದ ಕಣದಲ್ಲಿ ಅದೇ ನಮ್ಮ ಆಟ. ಬಿಸಿಲಿಗೆ ಬೆಚ್ಚಗಾದ ಕಾಫಿಯ ರಾಶಿಯೇ ಹೊಳೆ. ಅದರೊಳಗೆ ಮೊಣಕಾಲವರೆಗೆ ಇಳಿದು ಈಜುವುದು, ಅಪ್ಪನ ಕೊಡೆಯ ತುದಿ ಕಂಡರೆ ಓಡುವುದು. ಕೊಳೆತ ಸಿಪ್ಪೆಯ ಹುಳಿವಾಸನೆ ಲಂಗಕ್ಕೆಲ್ಲ ಹತ್ತಿರುತ್ತಿತ್ತು. ಪುಟ್ಟಿಗೆ ಮುಂದಿನ ಹಲ್ಲೆರಡು ಬಿದ್ದಿದ್ದವು. ಬಂಡೆಯ ಬದಲು ತೂಕದ ಕಲ್ಲಿನ ಮೇಲೆ ನಿಂತು ಸಿಳ್ಳೆ ಹಾಕಿದರೆ ಅವಳ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ.

ಆ ವರ್ಷ ಕುಯ್ಲು ಜೋರಾಗಿದ್ದಾಗಲೇ ಅವ್ವನಿಗೆ ಕಾಯಿಲೆಯಾಯಿತು. ಹೊಟ್ಟೆಯಲ್ಲಿ ಗೆಡ್ಡೆಯಂತೆ. ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಹೋಗುವಾಗ ಅವ್ವ ನಮ್ಮಿಬ್ಬರ ಜಡೆ ಹೆಣೆದು, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, "ನಾಳೆಯಿಂದ ಪುಟ್ಟಿಗೆ ನೀನೇ ಬಾಚು ಕಣವ್ವ, ಎಳೀಬ್ಯಾಡ, ಅದಕ್ಕೆ ತಲೆ ನೋಯ್ತದೆ" ಎಂದಳು. ಅಷ್ಟೇ. ಯಾವಾಗ ಬರುತ್ತೇನೆಂದು ಹೇಳಲಿಲ್ಲ. ಹೇಳಲಿಲ್ಲ ಎಂಬುದೇ ನನ್ನನ್ನು ಹಿಡಿದುಕೊಂಡಿತು.

ಪುಟ್ಟಿ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನವೂ ತಟ್ಟೆ ದೂಡಿದಳು. ನಾನು ರೊಟ್ಟಿ ಮುರಿದು ಅವಳ ಬಾಯಿಗಿಡುತ್ತಾ ಹೇಳಿಬಿಟ್ಟೆ: "ಚಿಣ್ಣನ ಅವ್ವಂಗೂ ಹಿಂಗೇ ಆಗಿತ್ತು ಕಣೆ. ಆಮೆ ಡಾಕ್ಟ್ರು ಕರ್ಕೊಂಡೋಗಿ ಔಸ್ತಿ ಕೊಟ್ರು. ಮೂರನೇ ಸಿಳ್ಳೆ ಕೇಳಿದ್ಕೂಡ್ಲೆ ಈಜ್ಕೊಂಡು ಬಂದ್ಬುಡ್ತು."

ಪುಟ್ಟಿ ರೊಟ್ಟಿ ನುಂಗಿದಳು. "ನಿಜ್ವಾ?"

"ನಿಜ."

"ನೀನು ನೋಡಿದ್ಯಾ?"

"ಬಾಷಣ್ಣನ ಮದ್ವೆ ಕ್ಯಾಸೆಟ್ ಆಗಕ್ ಮುಂಚೆ ನಾನೊಬ್ಳೇ ನೋಡಿದ್ದೆ."

ಇಷ್ಟು ದೊಡ್ಡ ಸುಳ್ಳನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಆದರೆ ಅದರ ಮೇಲೆ ಪುಟ್ಟಿ ಉಂಡಳು, ನಿದ್ದೆ ಮಾಡಿದಳು, ಸ್ಕೂಲಿಗೂ ಹೋದಳು. ದಿನಾ ಒಂದೊಂದು ತುತ್ತಿಗೂ ಅದೇ ಕಥೆ ಆಗಬೇಕು.

ನಮ್ಮನ್ನು ನೋಡಿಕೊಳ್ಳಲು ಕುಂದೂರಿನ ಕಡೆಯಿಂದ ಅಪ್ಪನ ಅವ್ವ, ನಮ್ಮಜ್ಜಿ, ಬಂದಳು. ನನ್ನ ಬಾಯಲ್ಲಿ ಇವತ್ತಿಗೂ ಬರುವ ಮಾತುಗಳಲ್ಲಿ ಅರ್ಧ ಅವಳದು. ಅವಳ ಊರಿನ ಅಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿಯುಂಟು. ಪೂಜಾರಿ ಹೂಗಳನ್ನು ನೀರಲ್ಲಿ ಅದ್ದಿ ದೇವರ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕೈಮುಗಿದು ಕೂರುತ್ತಾರೆ. ಬಲಗಡೆ ಹೂ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಹೆಣ್ಣು ತರುವುದಿರಲಿ, ಹೊಸ ಎತ್ತು ಕಟ್ಟುವುದಿರಲಿ, ಅಜ್ಜಿಯ ಮನೆಯಲ್ಲಿ ಹೂ ಕೇಳದೆ ಏನೂ ನಡೆಯುತ್ತಿರಲಿಲ್ಲ.

ಅವ್ವನ ಆಪರೇಷನ್ ಸೋಮವಾರ ಎಂದು ಗೊತ್ತಾದ ಮೇಲೆ ಅಜ್ಜಿ ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ಸು ಬದಲಾಯಿಸಿ ತನ್ನೂರಿಗೆ ಹೋದಳು. ಗುಡಿಯೊಳಗೆ ಎಣ್ಣೆಯ ಕಮಟು ವಾಸನೆ. ಅಜ್ಜಿ ಸೆರಗೊಡ್ಡಿ ಕೂತು, "ತಾಯಿ, ನಮ್ ಸೊಸೆ ಮನೆಗ್ ಬರ್ತಾಳಾ ಹೇಳ್ಬುಡು" ಎಂದಳು. ನಾವು ಕಾದೆವು. ಹೂ ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಅಜ್ಜಿ ಮತ್ತೆ ಮತ್ತೆ ಕೇಳಿದಳು. ಒಮ್ಮೆ ಬಲಗಡೆಯ ಹೂ ಸ್ವಲ್ಪ ಜಾರಿದಂತಾಯಿತು, ಅಲ್ಲೇ ನಿಂತಿತು.

ಕೊನೆಗೆ ಪೂಜಾರಿ, "ಅಮ್ಮ ಇವತ್ತು ಮಾತಾಡ್ತಿಲ್ಲ ಕಣವ್ವಾ. ಮುಂದಿನ ಮಂಗಳವಾರ ಬನ್ನಿ" ಎಂದರು.

ಮಂಗಳವಾರ ಅಂದರೆ ಸೋಮವಾರ ಕಳೆದ ಮೇಲೆ. ಬಸ್ಸಿನಲ್ಲಿ ಅಜ್ಜಿಯದು ಒಂದೇ ಕೆಲಸ. ಎಲೆ ಅಡಿಕೆಯ ಚೀಲವನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು.

ಆ ಶುಕ್ರವಾರ ಸಂಜೆ, ಕಾಫಿ ಮೂಟೆ ಬಿಟ್ಟು ಪೇಟೆಯಿಂದ ಬಂದ ಬಾಷಣ್ಣ ಜೀಪು ನಿಲ್ಲಿಸುವ ಮೊದಲೇ ಕೂಗಿದ. "ಏ ರತ್ನ, ಪುಟ್ಟೀ, ಬರ್ರೇ ಇಲ್ಲಿ! ಮೈಸೂರ್ ಕಡೆಯಿಂದ ಮಕ್ಕಳ ನಾಟಕದೋರು ಬಂದವ್ರೆ. ಗೋಡೆ ಮೇಲೆ ಚಿತ್ರ ಹಾಕವ್ರೆ, ನೋಡ್ತೀನಿ, ನಮ್ ಕ್ಯಾಸೆಟ್ ನೀರ್ನಾಯಿ! ಅದೇ ಸಿನ್ಮಾನ ಹಾಡು ಕುಣಿತ ಹಾಕಿ ನಾಟ್ಕ ಮಾಡ್ತಾರಂತೆ. ಅದೂ ಕನ್ನಡದಾಗೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ."

ಪುಟ್ಟಿ ಕುಣಿದಳು. ನಾನು ಜೀಪಿನ ಹಿಂದಕ್ಕೆ ಸರಿದು ನಿಂತೆ.

"ನನ್ನಿಂದಲೇ ಅಲ್ವಾ ನಿಮ್ಗೆ ಕೊನೆ ತಪ್ಪೋಗಿದ್ದು. ನಾನೇ ಕರ್ಕೊಂಡೋಯ್ತೀನಿ. ನಮ್ ಭಾವಯ್ಯನ ಮುಖ ನೋಡಿದ್ದು ಸಾಕು, ಈ ಸಲ ಪೂರ್ತಿ ಕಥೆ ನೋಡಿ" ಎಂದು ಬಾಷಣ್ಣ ಹೆಮ್ಮೆಯಿಂದ ಜೀಪಿನ ಬಾನೆಟ್ಟು ತಟ್ಟಿದ.

ಪುಟ್ಟಿ ಕುಣಿಯುವುದನ್ನು ನಿಲ್ಲಿಸಿ, ಏನೋ ಲೆಕ್ಕ ಹಾಕಿದವಳಂತೆ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಹೂವು ಮಾತಾಡ್ದಿದ್ರೆ ಬ್ಯಾಡ ಬುಡು. ನಾಟ್ಕ ಹೇಳ್ತದೆ. ಚಿಣ್ಣನ ಅವ್ವ ಬಂದ್ರೆ ನಮ್ಮವ್ವ ಬರ್ತಾಳೆ. ಬರ್ದಿದ್ರೆ ಇಲ್ಲ."

"ಬುಡ್ತು ಅನ್ನು!" ಎಂದಳು ಅಜ್ಜಿ. ಆದರೆ ಅವಳ ದನಿ ಮೆತ್ತಗಿತ್ತು. ಅವಳಿಗೂ ಯಾರಾದರೂ ಹೇಳಿದರೆ ಸಾಕಾಗಿತ್ತೇನೋ.

ಪುಟ್ಟಿಗೆ ಹೆದರಿಕೆಯಿರಲಿಲ್ಲ. ಅಕ್ಕ ಕೊನೆ ನೋಡಿದ್ದಾಳೆ, ಚಿಣ್ಣನ ಅವ್ವ ಬಂದೇ ಬರುತ್ತದೆ, ಹೂ ಬಲಕ್ಕೇ ಬೀಳುತ್ತದೆ. ನೋಡಿಲ್ಲ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಆ ಎರಡು ದಿನ ನನ್ನ ಪಾಲಿನ ರೊಟ್ಟಿಯನ್ನೂ ಪುಟ್ಟಿಯ ತಟ್ಟೆಗೇ ಹಾಕಿದೆ. ನಾಟಕದಲ್ಲಿ ತಾಯಿ ಬರದಿದ್ದರೆ? ಪುಟ್ಟಿಯ ಗತಿಯಿರಲಿ, ನನಗೇ ನಂಬಿಕೆ ಹತ್ತಿಬಿಟ್ಟಿತ್ತು. ನಾಟಕದವರು ಭಾನುವಾರ ಹೇಗೆ ಆಡಿ ತೋರಿಸುತ್ತಾರೋ ಸೋಮವಾರ ಮಂಗಳೂರಿನಲ್ಲಿ ಹಾಗೇ ನಡೆದುಬಿಡುತ್ತದೆ ಎಂದು.

ಭಾನುವಾರ ಬೆಳಗ್ಗೆ ಜ್ವರ ಬರಿಸಿಕೊಳ್ಳಲು ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಕಂಬಳಿ ಹೊದ್ದು ಮಲಗಿದೆ. ಅಜ್ಜಿ ಹಣೆ ಮುಟ್ಟಿದಳು, ಮೂಗರಳಿಸಿದಳು.

"ಈ ಜ್ವರಕ್ಕೆ ಒಗ್ಗರಣೆ ಯಾರು ಹಾಕ್ದೋರು?"

ನಾನು ಕಣ್ಣು ಬಿಡಲಿಲ್ಲ.

"ತೆಗಿ ಈರುಳ್ಳಿನ. ಸಾರಿಗಾದ್ರೂ ಆಯ್ತದೆ." ಆಮೇಲೆ ಕಂಬಳಿಯ ಮೇಲೇ ಕೈಯಿಟ್ಟು ಸಣ್ಣಗೆ ಹೇಳಿದಳು: "ಹೋಗ್ಬಾ ಮಗ. ಮನೇಲಿದ್ರೆ ನೀವಿಬ್ರು ನನ್ ಮುಖ ನೋಡ್ತೀರ, ನಾನು ನಿಮ್ ಮುಖ ನೋಡ್ತೀನಿ. ಅದೊಳ್ಳೇದಲ್ಲ."

ಜೀಪಿನಲ್ಲಿ ಪುಟ್ಟಿ ಡೋಣಿಗಲ್ ದಾಟುವವರೆಗೂ ಹಾಡಿದಳು. ಬಾಷಣ್ಣ ಹೊಸ ಅಂಗಿ ಹಾಕಿ, ಅತ್ತರು ಹಚ್ಚಿಕೊಂಡಿದ್ದ. ಹೇಮಾವತಿ ಸೇತುವೆಯ ಹತ್ತಿರದ ಕಲ್ಯಾಣ ಮಂಟಪವೊಂದರಲ್ಲಿ ನಾಟಕ. ಒಳಗೆ ಹಿಂದಿನ ದಿನದ ಮದುವೆಯ ಹೂವಿನ ವಾಸನೆ ಇನ್ನೂ ಇತ್ತು. ಮೂಲೆಯಲ್ಲಿ ಬಾಳೆಕಂಬ ಬಾಡಿಕೊಂಡು ಒರಗಿತ್ತು. ಎಸ್ಟೇಟ್ ಧಣಿಗಳ ಮಕ್ಕಳು ಮುಂದಿನ ಕುರ್ಚಿಗಳಲ್ಲಿ. ಅವರಿಗೆ ಪೂರ್ತಿ ಸಿನಿಮಾ ಬಾಯಿಪಾಠವೆಂದು ಅವರ ಗದ್ದಲದಲ್ಲೇ ತಿಳಿಯುತ್ತಿತ್ತು. ಒಬ್ಬನನ್ನು ಕೇಳಿಬಿಡಲೇ ಎಂದು ಎದ್ದೆ. ಕೇಳಿ, ಬರುವುದಿಲ್ಲ ಎಂದುಬಿಟ್ಟರೆ? ಕೂತೆ.

ದೀಪ ಆರಿತು. ಹಾರ್ಮೋನಿಯಂ, ತಬಲ, ಜೊತೆಗೆ ಒಂದು ಕೊಳಲು. ರಂಗದ ಎರಡು ತುದಿಯಲ್ಲಿ ಇಬ್ಬರು ನಿಂತು ಉದ್ದನೆಯ ನೀಲಿ ಬಟ್ಟೆಯನ್ನು ಹಿಡಿದು ಅಲುಗಿಸಿದರು. ಅಷ್ಟೇ, ಬಟ್ಟೆ ಹೊಳೆಯಾಯಿತು! ಅದು ಬಟ್ಟೆಯೆಂದು ಕಣ್ಣಿಗೆ ಕಾಣುತ್ತಿದ್ದರೂ ಮುಂದಿನ ಸಾಲಿನ ಹುಡುಗರು ಒದ್ದೆಯಾದವರಂತೆ ಕಾಲು ಮೇಲೆತ್ತಿಕೊಂಡರು. ಕಂದು ಟೊಪ್ಪಿಯ ಮರಿ ಬಂತು, ಕಂದು ಸೀರೆಯನ್ನು ಬಾಲದಂತೆ ಎಳೆದುಕೊಂಡು ತಾಯಿ ಬಂತು. ತಾಯಿ ಆಡುವಾಕೆ ಅವ್ವನಂತೆಯೇ ಸಣ್ಣಗಿದ್ದಳು. ಇಬ್ಬರೂ ಕೈಹಿಡಿದು ಹಾಡುತ್ತಾ ಬಟ್ಟೆಯ ಹೊಳೆಯಲ್ಲಿ ಮುಳುಗಿ ಎದ್ದರು. ಕಾರ್ಟೂನಿನಲ್ಲಿ ಚಿತ್ರ ಓಡಾಡುತ್ತಿತ್ತು. ಇಲ್ಲಿ ಉಸಿರಾಡುವ ಮನುಷ್ಯರು, ಅವರ ಕಾಲ ಗೆಜ್ಜೆಗೆ ಹಲಗೆಯ ಧೂಳು ಏಳುತ್ತಿತ್ತು.

ಆದರೆ ತಾಯಿ ಮರಿಯನ್ನು ಕರೆದ ಹೆಸರು ಚಿಣ್ಣ ಆಗಿರಲಿಲ್ಲ.

"ಅಕ್ಕ, ಏನೋ ಬೇರೆ ಹೇಳ್ತಾವಲ್ಲ?" ಎಂದಳು ಪುಟ್ಟಿ.

"ಅದು ಸ್ಕೂಲ್ ಹೆಸ್ರು. ಚಿಣ್ಣ ಮನೆ ಹೆಸ್ರು."

ನೀಲಿ ಬಟ್ಟೆ ಮೇಲೆದ್ದು ಅಬ್ಬರಿಸಿತು. ತಾಯಿ ಆ ಕಡೆ, ಮರಿ ಈ ಕಡೆ. ತಾಯಿ ಬಟ್ಟೆಯ ಹಿಂದೆ ಮರೆಯಾಯಿತು. ಮರಿ ಅಳುತ್ತಾ ಹುಡುಕಿಕೊಂಡು ಹೊರಟಿತು. ಕೊನೆಗೆ ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿಕೊಂಡ ಆಮೆ ಬಂತು, ಕನ್ನಡಕವೂ ಇತ್ತು.

"ಡಾಕ್ಟ್ರು!" ಎಂದು ಪುಟ್ಟಿ ಚಪ್ಪಾಳೆ ತಟ್ಟಿದಳು.

ಆಮೆ ಡಾಕ್ಟರಾಗಿರಲಿಲ್ಲ. ಅದು ನಿಧಾನವಾಗಿ, ಸ್ಪಷ್ಟ ಕನ್ನಡದಲ್ಲಿ ಹೇಳಿತು: ಈ ಹೊಳೆಯಲ್ಲಿ ಕೆಳಕ್ಕೆ ಹೋದವರು ಮೇಲಕ್ಕೆ ಬಂದದ್ದನ್ನು ನಾನು ನೂರು ವರ್ಷದಲ್ಲಿ ಕಂಡಿಲ್ಲ ಮಗು.

ಪುಟ್ಟಿಯ ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. ನನ್ನ ಲಂಗದ ಅಂಚನ್ನು ಹುಡುಕಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅದು ಮುದಿಯಾಗೈತೆ, ಅದಕ್ ನೆನಪಿಲ್ಲ" ಎಂದೆ. ನನ್ನ ಮಾತು ನನಗೇ ಕೇಳಿಸಲಿಲ್ಲ.

ಆಮೇಲೆ ನಾಲ್ಕು ಹಾಡಾದವು. ಜನ ನಕ್ಕರು, ಏಡಿಗಳು ಕುಣಿದವು. ನನಗೆ ಒಂದೂ ನೆನಪಿಲ್ಲ. ರಂಗದ ಹಿಂಬದಿಯಲ್ಲಿ ಬೂದಿ ಬಣ್ಣದ ಬಂಡೆಯೊಂದನ್ನು ಇಬ್ಬರು ನೂಕಿಕೊಂಡು ತರುವುದೇ ಕಾಣುತ್ತಿತ್ತು. ಬಂಡೆ ನಡುವಿಗೆ ಬಂತು. ಕೊಳಲು ನಿಂತಿತು. ಮರಿ ಹತ್ತಿತು. ಎರಡು ಬೆರಳು ಬಾಯಿಗಿಟ್ಟು ಮೊದಲ ಸಿಳ್ಳೆ ಹಾಕಿತು.

ನಾನು ಪುಟ್ಟಿಯ ಕೈ ಹಿಡಿದು ಎದ್ದುಬಿಟ್ಟೆ.

"ಬಾ, ಒಂದಕ್ ಹೋಗ್ಬರಣ."

"ನನಗ್ ಬಂದಿಲ್ಲ!"

"ನನಗ್ ಬಂದೈತೆ. ಒಬ್ಳಿಗೆ ಹೆದರ್ಕೆ ಆಯ್ತದೆ."

"ಅಕ್ಕಾ, ಬುಡಕ್ಕಾ! ಈಗ್ ಬರ್ತದೆ, ಚಿಣ್ಣನ ಅವ್ವ ಈಗ್ ಬರ್ತದೆ!"

ಬಾಷಣ್ಣ, "ಏ, ಏನಾಯ್ತೇ?" ಎನ್ನುತ್ತಿದ್ದಂತೆಯೇ ಎಳೆದುಕೊಂಡು ಓಡಿದೆ. ಮೊಣಕಾಲುಗಳಿಗೆ ಡಿಕ್ಕಿ ಹೊಡೆಯುತ್ತಾ, ಬೈಸಿಕೊಳ್ಳುತ್ತಾ, ಪಕ್ಕದ ಬಾಗಿಲಿಂದ ಹಿಂದಿನ ಅಂಗಳಕ್ಕೆ ಬಂದೆವು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಪಾತ್ರೆ ತೊಳೆಯುವ ಕಲ್ಲು, ಎಂಜಲೆಲೆಯ ಗುಡ್ಡೆ, ಅದರಾಚೆ ಕೆಳಗೆ ಹೇಮಾವತಿ. ಒಳಗಿನಿಂದ ಎರಡನೇ ಸಿಳ್ಳೆ ಕೇಳಿತು.

ಪುಟ್ಟಿ ನನ್ನ ಕೈ ಕಚ್ಚಿದಳು. ಆದರೂ ಬಿಡಲಿಲ್ಲ. ಅವಳು ಅಳುತ್ತಾ ಒದೆಯುತ್ತಿದ್ದಳು, ನಾನು ಅವಳ ಸೊಂಟ ಅವುಚಿಕೊಂಡು ಗೋಡೆಗೊರಗಿ ಕೂತಿದ್ದೆ. ಮೂರನೇ ಸಿಳ್ಳೆ ಬಂತು, ಉದ್ದಕ್ಕೆ. ಆಮೇಲೆ ಒಳಗೆ ನಿಶ್ಶಬ್ದ. ಅಷ್ಟು ಜನ ಇದ್ದರೂ ಒಂದು ಕೆಮ್ಮಿಲ್ಲ.

ಉತ್ತರ ಬಂತೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ. ಅದೇ ಗಳಿಗೆಗೆ ಸೇತುವೆಯ ಮೇಲೆ ಲಾರಿಗಳ ಸಾಲು ಬಂತು, ಒಂದರ ಹಿಂದೊಂದು, ಹಾರ್ನು ಹಾಕುತ್ತಾ. ಅವು ದಾಟುವಷ್ಟರಲ್ಲಿ ಒಳಗೆ ಎಲ್ಲರೂ ಸೇರಿ ಹಾಡುತ್ತಿದ್ದರು. ಸಂತೋಷದ ಹಾಡೋ ದುಃಖದ ಹಾಡೋ ಗೋಡೆಯಾಚೆಯಿಂದ ತಿಳಿಯಲಿಲ್ಲ. ಆಮೇಲೆ ಜೋರು ಚಪ್ಪಾಳೆ.

ನನ್ನ ಹಿಡಿತ ಸಡಿಲಾಯಿತು. ಪುಟ್ಟಿ ಕೊಸರಿಕೊಂಡು ಒಳಗೆ ಓಡಿದಳು. ಹಿಂದೆಯೇ ನಾನು.

ರಂಗದ ತುಂಬ ದೀಪ. ನಡುವೆ ಮರಿ ನಿಂತಿತ್ತು, ಅದರ ಪಕ್ಕ ಕಂದು ಸೀರೆಯ ತಾಯಿ. ಇಬ್ಬರೂ ಕೈಕೈ ಹಿಡಿದು ನಗುತ್ತಿದ್ದರು.

"ಬಂತು!" ಎಂದು ಪುಟ್ಟಿ ಚೀರಿದಳು. "ಅಕ್ಕಾ, ಬಂತು! ಚಿಣ್ಣನ ಅವ್ವ ಬಂತು!"

ಒಂದು ಗಳಿಗೆ ನಾನೂ ನಂಬಿದೆ. ಆಮೇಲೆ ನೋಡುತ್ತೇನೆ, ಅವರ ಆ ಕಡೆ ಆಮೆ ಬುಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದೆ. ಈ ಕಡೆ ಹೊಳೆ ಅಲುಗಿಸುತ್ತಿದ್ದ ಇಬ್ಬರು ನೀಲಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬೆವರೊರೆಸಿಕೊಳ್ಳುತ್ತಿದ್ದಾರೆ. ಹಾರ್ಮೋನಿಯಂನವರೂ ಬಂದರು. ಎಲ್ಲರೂ ಸಾಲಾಗಿ ಬಗ್ಗಿ ನಮಗೆ ಕೈಮುಗಿದರು. ಆಟ ಮುಗಿದ ಮೇಲೆ ಹೀಗೆ ಬಂದು ನಿಲ್ಲುತ್ತಾರೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಇದು ಕಥೆಯ ಒಳಗಿನದಲ್ಲ ಎಂದು ಹೊಳೆಯಿತು. ಪುಟ್ಟಿಗೆ ಹೊಳೆದಿರಲಿಲ್ಲ. ಅವಳು ಕುರ್ಚಿಯ ಮೇಲೆ ನಿಂತು ಕುಣಿಯುತ್ತಿದ್ದಳು.

ಬಾಷಣ್ಣ ಕೂತಲ್ಲೇ ಇದ್ದ. ಕಣ್ಣು ಕೆಂಪಾಗಿದ್ದವು.

ವಾಪಸು ಬರುವಾಗ ಸೇತುವೆಯ ಹತ್ತಿರ ಅವನು ಬೋಂಡ ಕೊಡಿಸಿದ. ಜೀಪು ಹೊರಟ ಮೇಲೆ ಪುಟ್ಟಿ ಎಣ್ಣೆ ಕೈಯಲ್ಲೇ ಅವನ ಹೊಸ ಅಂಗಿಯ ತೋಳು ಹಿಡಿದು ಕೇಳಿದಳು: "ಬಾಷಣ್ಣ, ನೀನು ಪೂರ್ತಿ ನೋಡಿದ್ಯಲ್ಲ. ಕೊನೇಗೆ ಅವ್ವ ಬಂತಲ್ವಾ?"

ಬಾಷಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನು ಗೇರು ಬದಲಿಸಿದ.

"ಬರ್ದೆ ಎಲ್ಲಿಗೋಯ್ತದೆ ಮಾರಾಯ್ತಿ?"

ಅಷ್ಟೇ ಅಂದದ್ದು. ಅವನು ಬಾಯಿ ಮುಚ್ಚಿಕೊಂಡು ಮಾರನಹಳ್ಳಿಯವರೆಗೆ ಜೀಪು ಓಡಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಸೋಮವಾರ ಸ್ಕೂಲಿಗೆ ಹೋಗಲಿಲ್ಲ. ಆಫೀಸಿನ ಫೋನು ಕೇಳಿಸುವಷ್ಟು ದೂರದಲ್ಲಿ, ಕಣದ ಅಂಚಿನಲ್ಲಿ ಕೂತಿದ್ದೆವು. ಅಜ್ಜಿ ಕಾಫಿ ತಿರುವುವ ನೆವದಲ್ಲಿ ಒಂದೇ ರಾಶಿಯನ್ನು ಹತ್ತು ಸಲ ಕೆದಕಿದಳು. ಪುಟ್ಟಿ ಮಾತ್ರ ನಿಶ್ಚಿಂತೆಯಿಂದ ಕಾಫಿ ಹೊಳೆಯಲ್ಲಿ ಈಜುತ್ತಿದ್ದಳು. ಹೊತ್ತು ಇಳಿಮುಖವಾದ ಮೇಲೆ ಫೋನು ಹೊಡೆದುಕೊಂಡಿತು. ಬಾಷಣ್ಣ ಆಫೀಸಿನಿಂದ ಓಡಿಬಂದ. ಓಡುತ್ತಾ ಒಂದು ಚಪ್ಪಲಿ ಕಿತ್ತುಹೋಯಿತು.

"ಅಜ್ಜೀ! ಆಪ್ರೇಷನ್ ಆಯ್ತಂತೆ! ಕಣ್ ಬುಟ್ರಂತೆ! ರೈಟ್ರು ಫೋನ್ ಮಾಡವ್ರೆ!"

ಅಜ್ಜಿ ಕಣದಲ್ಲೇ ಕುಕ್ಕರಿಸಿ ಕೂತು ಸೆರಗಿಂದ ಮುಖ ಮುಚ್ಚಿಕೊಂಡಳು. ಪುಟ್ಟಿ ರಾಶಿಯೊಳಗಿಂದ ತಲೆಯೆತ್ತಿ, "ನಾನು ನಿನ್ನೇನೇ ಹೇಳ್ಲಿಲ್ವಾ?" ಎಂದು ಮತ್ತೆ ಮುಳುಗಿದಳು. ನಾನು ಸ್ಟೋರಿನ ಹಿಂದೆ ಹೋಗಿ ವಾಂತಿ ಮಾಡಿದೆ.

ಮೂರು ವಾರದ ಮೇಲೆ ಅವ್ವ ಮಂಗಳೂರು ಬಸ್ಸಿನಿಂದ ಇಳಿದಳು. ಅರ್ಧ ಆಗಿಹೋಗಿದ್ದಳು. ಪುಟ್ಟಿ ಮಾರನಹಳ್ಳಿಯ ಮೈಲಿಗಲ್ಲಿನ ಮೇಲೆ ಹತ್ತಿ ನಿಂತು ಬಾಯಿಗೆ ಎರಡು ಬೆರಳಿಟ್ಟಳು. ಬಂದದ್ದು ಬರೀ ಗಾಳಿ, ಜೊತೆಗೆ ಉಗುಳು. ಅವ್ವ ನಗಲಾರದೆ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬ್ಯಾಡ್ವೇ ತಾಯಿ, ಹೊಲಿಗೆ ಎಳೀತದೆ!"

ಅದಾದ ಮೇಲೆ ಅವ್ವ ಹದಿನಾಲ್ಕು ವರ್ಷ ನಮ್ಮ ಜೊತೆಗಿದ್ದಳು. ನಮ್ಮಿಬ್ಬರ ಮದುವೆ ಕಂಡಳು, ಪುಟ್ಟಿಯ ಬಾಣಂತನ ಮಾಡಿದಳು. ಇಷ್ಟು ಸಿಕ್ಕಿದವರು ದೂರಬಾರದು.

ಈಗ ಪುಟ್ಟಿ ಇರುವುದು ಹಾಸನದಲ್ಲಿ. ಅಜ್ಜಿ ಯಾವತ್ತೋ ಹೋದಳು. ಲೈನಿನ ಆ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದ್ದಾರೆ. ಹೋದ ವರ್ಷ ಬಾಷಣ್ಣನೂ ತೀರಿಕೊಂಡ. ಪೇಟೆಯ ಅವನ ಮನೆಗೆ ಹೋಗಿದ್ದಾಗ ಅವನ ತಂಗಿ, ಆ ಕ್ಯಾಸೆಟ್ಟಿನ ಮದುಮಗಳು, ನಮ್ಮನ್ನು ಗುರುತು ಹಿಡಿದು ಕೈಹಿಡಿದುಕೊಂಡು ಅತ್ತಳು. ಅವಳ ಮುಖ ನಮಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದು ಅವಳಿಗೆ ಹೇಗೆ ಹೇಳುವುದು? ನಮ್ಮ ಪೈಕಿ ಆ ನಾಟಕದ ಕೊನೆ ಕಂಡವನು ಬಾಷಣ್ಣನೊಬ್ಬನೇ. ಅದನ್ನು ಯಾರಿಗೂ ಹೇಳದೆ ಹೋದ.

ಮೊನ್ನೆ ಹಾಸನದಲ್ಲಿ ಪುಟ್ಟಿಯ ಮಗಳು ಫೋನು ಹಿಡಿದು ಬಂದಳು. "ದೊಡ್ಡಮ್ಮ, ನೀವು ಹೇಳ್ತಿರ್ತೀರಲ್ಲ ನೀರುನಾಯಿ ಸಿನಿಮಾ, ಸಿಕ್ತು ನೋಡಿ! ಬಂಡೆ ಸೀನ್ ಇದೇ ಅಲ್ವಾ? ಕೊನೆಗೆ ಹೋಗ್ಲಾ?"

ಬೆರಳು ಅಲ್ಲಾಡಿದರೆ ಸಾಕಿತ್ತು. ಕರೆಂಟು ಹೋಗುವ ಹಾಗಿರಲಿಲ್ಲ, ಮದುಮಗ ಬಂದು ಕೂರುವ ಹಾಗಿರಲಿಲ್ಲ. ಈಗಿನ ಮಕ್ಕಳಿಗೆ ಯಾವ ಕಥೆಯೂ ನಡುವೆ ನಿಲ್ಲುವುದಿಲ್ಲ. ಯಾವ ಅಕ್ಕನೂ ಅದರ ಮುಂದಿನದನ್ನು ಕಟ್ಟಿ ಹೇಳಬೇಕಿಲ್ಲ. ಅದು ಅವರ ಪುಣ್ಯವೋ ಏನೋ. ನನಗಂತೂ ಕೈಯಲ್ಲಿದ್ದದ್ದೇನನ್ನೋ ಯಾರೋ ಇಸಿದುಕೊಂಡು ಹೋದಂತೆ ಆಗುತ್ತದೆ.

"ಬೇಡ" ಎಂದೆವು, ನಾನೂ ಪುಟ್ಟಿಯೂ ಒಟ್ಟಿಗೇ.

ಹುಡುಗಿ ನಮ್ಮಿಬ್ಬರನ್ನೂ ವಿ‍ಚಿತ್ರವಾಗಿ ನೋಡಿ ಹೋದಳು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಪುಟ್ಟಿ, ಈ ಕಡೆ ತಿರುಗದೆಯೇ ಕೇಳಿದಳು.

"ಅಕ್ಕ, ಅವ್ರು ಸುಮ್ನೆ ಕೈಮುಗಿಯಕ್ ಬಂದು ನಿಂತಿದ್ರು ಅಂತ ನನಗೆ ಆಮೇಲ್ ಆಮೇಲೆ ಗೊತ್ತಾಯ್ತು. ಅವ್ವ ಇರೋವರ್ಗೂ ಕೇಳ್ಬಾರ್ದು ಅಂತ ಸುಮ್ನಿದ್ದೆ. ಈಗ್ ಹೇಳು. ಕೊನೇಗೆ ಏನಾಯ್ತೇ?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಒಂದು ಕೊನೆ ಕಟ್ಟಿ ಹೇಳಬಹುದಿತ್ತು. ಎಷ್ಟು ಹೇಳಿಲ್ಲ ಅವಳಿಗೆ.

"ನಂಗೇನ್ ಗೊತ್ತೇ?" ಎಂದೆ. "ನಾನೂ ನಿನ್ ಜೊತೆ ಹೊರಗೇ ಇದ್ನಲ್ಲ."